ಎಲ್ಲದಕ್ಕೂ ಹಸಿರು ತೋರಿಸಿದ ನನ್ನ ಬೇಸ್ ಕ್ಲಾಸು

ಕೇಳಿದ್ದಕ್ಕೆಲ್ಲ "ಆಯ್ತ್ರಿ" ಅಂದುಬಿಡುವುದು ಒಂದು ರೋಗ ಎಂದು ಯಾವ ಡಾಕ್ಟರೂ ನನಗೆ ಹೇಳಲಿಲ್ಲ. ಹೇಳಿದ್ದರೂ ನಾನು "ಆಯ್ತ್ರಿ" ಅಂದು ಎದ್ದು ಬರುತ್ತಿದ್ದೆ. ಚಿತ್ತಾಪುರದ ನಮ್ಮ ಓಣಿಯಲ್ಲಿ ನನಗೆ ಭಾಳ ಒಳ್ಳೆಯ ಮನುಷ್ಯ ಎಂಬ ಹೆಸರಿದೆ. ಯಾರಿಗೂ ಇಲ್ಲ ಅನ್ನುವುದಿಲ್ಲ ಎಂಬುದೊಂದೇ ಅದಕ್ಕೆ ಕಾರಣ. ಒಪ್ಪಿಕೊಂಡ ಕೆಲಸ ಮುಂದೆ ಏನಾಯಿತು ಎಂದು ವಿಚಾರಿಸುವವರು ಕಡಿಮೆ. ಚಿಮ್ಮನಚೋಡದ ನಮ್ಮ ಸೋದರಮಾವ ಒಮ್ಮೆ ತನ್ನ ರೇಡಿಯೋ ಕೊಟ್ಟು, ಸೇಡಂನಲ್ಲಿ ರಿಪೇರಿ ಮಾಡಿಸಿಕೊಂಡು ಬಾ ಅಂದ. ಆಯಿತು ಅಂದೆ. ಆ ರೇಡಿಯೋ ನಮ್ಮ ಮನೆಯ ಅಟ್ಟದ ಮೇಲೆ ನಾಲ್ಕು ವರ್ಷ ಕುಳಿತಿತ್ತು. ಕೊನೆಗೆ ಮಾವ ಟಿವಿ ಕೊಂಡುಕೊಂಡ, ನನ್ನ ಆತ್ಮಸಾಕ್ಷಿಯ ಭಾರ ಇಳಿಯಿತು. ಈಗಲೂ ಆತ ಸಿಕ್ಕಾಗ ನನ್ನನ್ನು ಹೊಗಳುತ್ತಾನೆ, ರೇಡಿಯೋ ಮಾತು ಎತ್ತುವುದಿಲ್ಲ. ನಮ್ಮ ಕಡೆ ಸಂಬಂಧ ಉಳಿಯುವುದೇ ಹೀಗೆ.

ರೈಲಿನಲ್ಲಿಯೂ ಅದೇ ಕಥೆ. ಆಗ ನಾನು ದಿನಾಲೂ ಮುಂಜಾನೆ ಚಿತ್ತಾಪುರದಿಂದ ವಾಡಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ನೌಕರಿಗೆ ಹೋಗುತ್ತಿದ್ದೆ. ವಾಡಿಯಲ್ಲಿ ಗಾಡಿ ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಕಾಯಿದೆ. ನಾನು ಸ್ವಲ್ಪ ಎತ್ತರದ ಮನುಷ್ಯ, ಕೈ ಒಳಗೆ ಹೋಗುತ್ತದೆ ಎಂದು ಪರಿಚಯದವರೆಲ್ಲ "ನಮಗೊಂದು ಹಿಡೀರಿ" ಅನ್ನುವರು. ಒಂದು ದಿನ ನಾಲ್ಕು ಮಂದಿಗೆ ಆಯಿತೆಂದೆ. ನನ್ನ ಹತ್ತಿರ ಇದ್ದದ್ದು ಒಂದು ಕರವಸ್ತ್ರ. ನಾಲ್ವರೂ ಬಂದು ಮೊದಲು ಕರವಸ್ತ್ರ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನನಗೆ ನಾಚಿಕೆಯಾಗಿ ಎದ್ದು ನಿಂತೆ. ಹೀಗಾಗಿ ಒಬ್ಬರು ಕುಳಿತರು, ನನ್ನನ್ನೂ ಸೇರಿಸಿ ನಾಲ್ಕು ಜನ ಶಹಾಬಾದಿನವರೆಗೆ ನಿಂತೆವು. ಇಂಥ ಮನುಷ್ಯನ ಕೈಗೆ ಇನ್ನೊಬ್ಬರ ಕೆಲಸ ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಜವಾಬ್ದಾರಿ ಸಿಕ್ಕರೆ ಏನಾದೀತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈಗ ಹೇಳುತ್ತೇನೆ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಶಹಾಬಾದಿನಲ್ಲಿ ನಯೀಮ್ ಸಾಹೇಬರು ಎಂಬವರು ತಮ್ಮ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗೋದಾಮಿನ ಮೇಲೆ ಎರಡು ಖೋಲಿ ಕಟ್ಟಿಸಿ ಸಾಫ್ಟ್‌ವೇರ್ ಕಚೇರಿ ತೆರೆದಿದ್ದರು. ಕೆಳಗೆ ಕಲ್ಲು ಕೊಯ್ಯುವ ಸದ್ದು, ಮೇಲೆ ನಮ್ಮ ಕೀಲಿಮಣೆಯ ಸದ್ದು. ಎಷ್ಟು ಒರೆಸಿದರೂ ಕಂಪ್ಯೂಟರಿನ ಮೇಲೆ ತೆಳ್ಳಗೆ ಬಿಳಿ ಧೂಳು ಕೂಡುತ್ತಿತ್ತು. ಅಲ್ಲಿ ನಾನು ಹಿರಿಯ. ಅದಕ್ಕೂ ಮೊದಲು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು, ಗುಲಬರ್ಗಾಕ್ಕೆ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದೆ. ತಲೆಗೂದಲು ಬೆಳ್ಳಗಾಗಿದ್ದರಿಂದ ನನಗೆ ಎಲ್ಲಾ ಬರುತ್ತದೆ ಎಂದು ಜನ ನಂಬಿದ್ದರು. ನನ್ನ ಕೈಕೆಳಗೆ ಇದ್ದಾಕೆ ಭಂಕೂರಿನ ಸುಜಾತಾ. ಆಕೆಯ ತಂದೆ ಭೀಮಶಾ ಗಣಿಯಲ್ಲಿ ಕಲ್ಲು ಒಡೆಯುವ ಕೆಲಸದವರು. ಮಗಳನ್ನು ಡಿಪ್ಲೊಮಾ ಓದಿಸಿದ್ದು ಅವರ ಮನೆತನದಲ್ಲಿಯೇ ಮೊದಲ ಸಲ. ಸುಜಾತಾಳದು ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಇಂಥವರು ಕಚೇರಿಯಲ್ಲಿ ಒಬ್ಬರಿದ್ದರೆ ನನ್ನಂಥ ಒಳ್ಳೆಯ ಮನುಷ್ಯರಿಗೆ ಸ್ವಲ್ಪ ತೊಂದರೆ.

ಆ ವರ್ಷ ನಮಗೆ ಒಂದು ದೊಡ್ಡ ಕೆಲಸ ಬಂತು. ಗಣಿ ಕಾರ್ಮಿಕರಿಗಾಗಿ ಒಂದು ಟ್ರಸ್ಟಿನವರು ದವಾಖಾನೆ ನಡೆಸುತ್ತಿದ್ದರು. ಕಲ್ಲಿನ ಧೂಳು ಎದೆಗೆ ಇಳಿಯುತ್ತದೆ. ಅದಕ್ಕೆ ಕಾರ್ಮಿಕರ ಎದೆಯ ಎಕ್ಸ್‌ರೇ ತೆಗೆದು, ಸಂಶಯ ಬಂದವರನ್ನು ಕೆಲವು ತಿಂಗಳ ಮೇಲೆ ಮತ್ತೆ ಕರೆಸಿ ನೋಡುವ ಪದ್ಧತಿ ಅಲ್ಲಿ ಇತ್ತು. ಯಾರನ್ನು ಯಾವಾಗ ಕರೆಸಬೇಕು ಎಂಬ ಯಾದಿಯನ್ನು ನಮ್ಮ ಸಾಫ್ಟ್‌ವೇರು ಪ್ರತಿ ತಿಂಗಳು ತಯಾರು ಮಾಡಿ ಕೊಡಬೇಕು. ಯಾದಿಯಲ್ಲಿ ಹೆಸರಿದ್ದವರಿಗೆ ಒಂದು ಚೀಟಿ ಹೋಗುತ್ತದೆ. ಚೀಟಿ ಬಂದವರು ದವಾಖಾನೆಗೆ ಬರುತ್ತಾರೆ. ಇಷ್ಟೇ ಕೆಲಸ.

ಸಾಫ್ಟ್‌ವೇರ್ ಬರೆದರೆ ಮುಗಿಯುವುದಿಲ್ಲ, ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷೆ ಮಾಡಲು ಇನ್ನಷ್ಟು ಬರೆಯಬೇಕು. ಹೆಸರು ದಾಖಲು ಮಾಡುವುದಕ್ಕೆ ಒಂದು ಪರೀಕ್ಷಾ ಮಾಡ್ಯೂಲು, ತಾರೀಖು ಲೆಕ್ಕಕ್ಕೆ ಒಂದು, ಯಾದಿಗೆ ಒಂದು, ಹೀಗೆ ನಲವತ್ತು ಆಗುತ್ತಿದ್ದವು. ಎಲ್ಲದರಲ್ಲಿಯೂ ಕೆಲವು ಕೆಲಸ ಒಂದೇ: ಸುಳ್ಳು ಹೆಸರುಗಳನ್ನು ತುಂಬುವುದು, ಪರೀಕ್ಷೆ ಓಡಿಸುವುದು, ಸರಿ ಬಂದರೆ ಹಸಿರು ಗೆರೆ, ತಪ್ಪಿದ್ದರೆ ಕೆಂಪು ಗೆರೆ ತೋರಿಸುವುದು, ಕೊನೆಗೆ ಸುಳ್ಳು ಹೆಸರು ಅಳಿಸಿ ಸ್ವಚ್ಛ ಮಾಡುವುದು. ಅದನ್ನೇ ನಲವತ್ತು ಸಲ ಯಾಕೆ ಬರೆಯಬೇಕು? ಒಂದೇ ಕಡೆ ಬರೆದು ಅದಕ್ಕೆ ಬೇಸ್ ಕ್ಲಾಸ್ ಎಂದು ಹೆಸರಿಟ್ಟರೆ ಉಳಿದ ಮಾಡ್ಯೂಲುಗಳು ಆ ಗುಣಗಳನ್ನೆಲ್ಲ ಅದರಿಂದ ಪಡೆದುಕೊಳ್ಳುತ್ತವೆ. ಪ್ರತಿಯೊಂದು ಮಾಡ್ಯೂಲು ತನಗೆ ಬೇಕಾದ ತಪಾಸಣೆ ಮಾತ್ರ ಹೊಸದಾಗಿ ಬರೆದುಕೊಂಡರೆ ಸಾಕು. ಇದನ್ನು ಊಟದ ಹೊತ್ತಿನಲ್ಲಿ ನನ್ನ ಹೆಂಡತಿ ಪದ್ಮಾಗೆ ಉತ್ಸಾಹದಿಂದ ವಿವರಿಸಿದೆ. ಆಕೆ, "ಇದರಾಗ ಏನ್ ಹೊಸದ್ರೀ? ನಾ ಮುಂಜಾನೆ ಒಮ್ಮೆ ತೊಗರಿಬ್ಯಾಳಿ ಕುದಿಸಿಡ್ತೀನಿ. ಅದರಾಗಿಂದ ಒಂದಿಷ್ಟು ತೊವ್ವಿ, ಒಂದಿಷ್ಟು ಸಾರು, ಒಂದಿಷ್ಟು ಹುಳಿ" ಅಂದಳು. ಹಾಗೆಯೇ ಎಂದು ಖುಷಿಪಟ್ಟೆ. ಆಕೆ ತಾಟಿಗೆ ಅನ್ನ ಬಡಿಸುತ್ತಾ, "ಬ್ಯಾಳಿ ತಳ ಹತ್ತಿದ್ರ ಮೂರೂ ಹತ್ತಿದ ವಾಸನೀನೇ ಬರ್ತಾವ ಮತ್ತ" ಅಂದಳು. ಆ ಮಾತಿಗೆ ನಾನು ನಕ್ಕೆ. ತಾಂತ್ರಿಕ ವಿಷಯ ಹೆಂಗಸರಿಗೆ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಇಲ್ಲಿ ಒಪ್ಪಿಕೊಳ್ಳುವುದು ಒಳ್ಳೆಯದು.

ಬೇಸ್ ಕ್ಲಾಸ್ ನಾನೇ ಬರೆದೆ. ಬರೆಯುವಾಗ ಒಂದು ಪ್ರಶ್ನೆ ಬಂತು. ಯಾವುದಾದರೂ ಮಾಡ್ಯೂಲು ತನ್ನ ತಪಾಸಣೆ ಇನ್ನೂ ಬರೆದುಕೊಂಡಿಲ್ಲ ಅಂದರೆ ಬೇಸ್ ಕ್ಲಾಸ್ ಏನು ಉತ್ತರ ಕೊಡಬೇಕು? ತಿಳಿದವರು ಅಂಥದ್ದನ್ನು ಕೆಂಪು ತೋರಿಸಬೇಕು ಅನ್ನುತ್ತಾರೆ. ಆದರೆ ಮರುವಾರ ಟ್ರಸ್ಟಿನವರು ನೋಡಲು ಬರುವವರಿದ್ದರು. ನಯೀಮ್ ಸಾಹೇಬರು ನನ್ನ ಕುರ್ಚಿಯ ಹಿಂದೆ ನಿಂತು, "ಸರ್, ಪಾರ್ಟಿ ಮುಂದ ಒಂದೂ ಕೆಂಪ್ ಗೆರಿ ಬರಬಾರದ್ರಿ. ಇಜ್ಜತ್ ಕಾ ಸವಾಲ್" ಅಂದರು. ನಾನು ಆಯಿತು ಅಂದೆ. ಖರೇ ಹೇಳಬೇಕೆಂದರೆ ಸಾಹೇಬರು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆನೋ ಏನೋ. ಇನ್ನೂ ಏನೂ ತಪ್ಪು ಮಾಡದ ಮಾಡ್ಯೂಲಿಗೆ ಮೊದಲ ದಿನವೇ ನಪಾಸು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ತಪಾಸಣೆ ಬರೆದಿಲ್ಲದಿದ್ದರೆ ಹಸಿರು ತೋರಿಸು ಎಂದು ಬರೆದೆ. ಪಕ್ಕದಲ್ಲಿ "ಆಮೇಲೆ ಸರಿಪಡಿಸುವುದು" ಎಂದು ಟಿಪ್ಪಣಿ ಹಾಕಿದೆ. ಟಿಪ್ಪಣಿ ಹಾಕಿದ ಕೂಡಲೇ ಅರ್ಧ ಕೆಲಸ ಆದಷ್ಟು ಸಮಾಧಾನವಾಗುತ್ತದೆ. ಉಳಿದರ್ಧಕ್ಕೆ ಯಾರೂ ಅವಸರ ಮಾಡುವುದಿಲ್ಲ.

ಟ್ರಸ್ಟಿನವರು ಬಂದರು, ನಲವತ್ತು ಹಸಿರು ಗೆರೆ ನೋಡಿದರು, ಚಹಾ ಕುಡಿದು ಹೋದರು. ಹದಿನಾರು ಮಾಡ್ಯೂಲು ನನ್ನ ಪಾಲಿಗೆ, ಉಳಿದವು ಸುಜಾತಾಳ ಪಾಲಿಗೆ; ಆಕೆ ತನ್ನವಕ್ಕೆ ಒಂದೊಂದಾಗಿ ತಪಾಸಣೆ ಬರೆಯುತ್ತಾ ಹೋದಳು. ಪರೀಕ್ಷೆಗೆ ಬೇಕಾದ ಸುಳ್ಳು ಹೆಸರುಗಳನ್ನು ನಾವು ಮನೆಯಿಂದಲೇ ತರುತ್ತಿದ್ದೆವು. ನನ್ನ ಹೆಂಡತಿಗೆ ಆ ದಾಖಲೆಗಳಲ್ಲಿ ಎರಡು ಸಲ ವರ್ಗವಾಗಿತ್ತು, ಒಮ್ಮೆ ವಯಸ್ಸು ನೂರಾ ನಲವತ್ತಾಗಿತ್ತು. ಇದು ಆಕೆಗೆ ಗೊತ್ತಿಲ್ಲ. ಸುಜಾತಾ ಕರೆಸಬೇಕಾದವರ ಯಾದಿಯ ಮಾಡ್ಯೂಲಿಗೆ ತನ್ನ ತಂದೆಯ ಹೆಸರನ್ನೇ ಇಟ್ಟಳು: ಭೀಮಶಾ, ಭಂಕೂರ, ಎಕ್ಸ್‌ರೇ ಆಗಿದೆ, ಮತ್ತೆ ಕರೆಸಬೇಕು, ನಡುವೆ ಒಂದು ಗಣಿ ಬಿಟ್ಟು ಇನ್ನೊಂದು ಗಣಿಗೆ ಹೋಗಿದ್ದಾರೆ. ಅವರು ನಿಜವಾಗಿಯೂ ಹೋಗಿದ್ದರು. ಅಷ್ಟು ತುಂಬಿ ಆಕೆ ನನ್ನ ಹತ್ತಿರ ಬಂದು, "ಸರ್, ಗಣಿ ಬದಲಾದವರ ತಾರೀಖು ಹ್ಯಾಂಗ್ ನೋಡೋದ್ರಿ? ತಪಾಸಣಿ ಬರೀಲಿಕ್ಕೆ ಗೊತ್ತಾಗವಲ್ದು" ಎಂದು ಕೇಳಿದಳು. ನಾನು ಆಗ ಗಾಡಿಗೆ ಹೊತ್ತಾಯಿತೆಂದು ಚೀಲ ಹೆಗಲಿಗೆ ಹಾಕುತ್ತಿದ್ದೆ. "ಅದು ಸ್ವಲ್ಪ ಕಠಿಣ ಅದವ್ವಾ. ನೀ ಬಿಡು, ನಾ ಬರೀತೀನಿ" ಅಂದೆ. ಆಕೆ ನಂಬಿದಳು. ಮರುದಿನ ಪರೀಕ್ಷೆ ಓಡಿಸಿದಾಗ ಆ ಮಾಡ್ಯೂಲಿನ ಮುಂದೆ ಹಸಿರು ಗೆರೆ ಇತ್ತು. ಸರ್ ಬರೆದಿರಬೇಕು ಎಂದುಕೊಂಡಳು. ನನಗೂ ಹಸಿರು ಗೆರೆ ನೋಡಿ ಬರೆದೆನೇನೋ ಅನ್ನಿಸಿತು. ಇದು ನಗುವ ಮಾತಲ್ಲ. ಹಸಿರು ಗೆರೆ ನಾಲ್ಕು ದಿನ ನೋಡಿದರೆ ಮಾಡದ ಕೆಲಸ ಮಾಡಿದ ನೆನಪು ಸಹ ಬರುತ್ತದೆ.

ನಾಲ್ಕು ತಿಂಗಳು ಕಳೆದವು. ಒಂದು ಸೋಮವಾರ ಸುಜಾತಾ ಕಚೇರಿಗೆ ಬಂದವಳು ಚೀಲ ಇಳಿಸದೆ ಯಂತ್ರದ ಮುಂದೆ ಕುಳಿತಳು. ತಂದೆಗೆ ಕೆಮ್ಮು ಹೆಚ್ಚಾಗಿತ್ತಂತೆ. ದವಾಖಾನೆಗೆ ಹೋಗು ಅಂದರೆ "ಚೀಟಿ ಬಂದಿಲ್ಲ, ಬಂದಾಗ ಹೋಗ್ತೀನಿ" ಅನ್ನುತ್ತಿದ್ದರಂತೆ. ಚೀಟಿ ಯಾವ ತಿಂಗಳಿನದು ಎಂದು ನೋಡಲು ಯಾದಿ ತೆಗೆದಳು. ಆ ತಿಂಗಳಿನದರಲ್ಲಿ ಹೆಸರಿರಲಿಲ್ಲ. ಹಿಂದಿನ ತಿಂಗಳು, ಅದರ ಹಿಂದಿನದು, ಎಲ್ಲಿಯೂ ಇರಲಿಲ್ಲ. ಗಣಿ ಬದಲಿಸಿದವರ ಹೆಸರನ್ನು ನಮ್ಮ ಸಾಫ್ಟ್‌ವೇರು ಹಳೆಯ ಗಣಿಯಲ್ಲಿ ಹುಡುಕಿ, ಅಲ್ಲಿ ಕಾಣದೆ, ಸದ್ದಿಲ್ಲದೆ ಕೈಬಿಡುತ್ತಿತ್ತು. ಹಾಗಾದರೆ ಪರೀಕ್ಷೆ ಹೇಗೆ ಪಾಸಾಯಿತು? ಆಕೆ ಮಾಡ್ಯೂಲು ತೆರೆದಳು. ಬಹಳ ಹೊತ್ತು ನೋಡಿ ನನ್ನನ್ನು ಕರೆದಳು. "ಸರ್, ಇದರಾಗ ಏನೂ ಇಲ್ರಿ."

ಪರದೆಯ ಮೇಲೆ ಆಕೆ ಇಟ್ಟ ತಂದೆಯ ಹೆಸರಿತ್ತು, ಊರಿತ್ತು, ಗಣಿ ಬದಲಾದದ್ದೂ ಇತ್ತು. ಕೆಳಗೆ ನಾನು ಬರೆಯುತ್ತೇನೆ ಎಂದ ಜಾಗ ಖಾಲಿ ಇತ್ತು. ಅದರ ಮುಂದೆ ಹಸಿರು ಗೆರೆ. ನಾನು ಆ ನಾಲ್ಕು ಸಾಲು ಬರೆದಿದ್ದರೆ ಈ ತಪ್ಪು ಮೊದಲ ದಿನವೇ, ಅದೂ ಅವರದೇ ಹೆಸರಿನಲ್ಲಿ, ಕೆಂಪಾಗಿ ಎದ್ದು ಕಾಣುತ್ತಿತ್ತು. ಸುಜಾತಾ ಬೈಯಲಿಲ್ಲ, ಅಳಲೂ ಇಲ್ಲ. "ಬೇಸ್ ಕ್ಲಾಸ್ ತೆಗೀರಿ ಸರ್" ಅಂದಳು. ತೆಗೆದೆ. "ಬರೆದಿಲ್ಲಂದ್ರ ಕೆಂಪ್ ಅಂತ ಮಾಡ್ರಿ." ಮಾಡಿದೆ. ನಲವತ್ತೂ ಪರೀಕ್ಷೆಗಳನ್ನು ಮತ್ತೆ ಓಡಿಸಿದಳು. ಹದಿನೇಳು ಕೆಂಪು ಗೆರೆ ಬಂದವು. ಅವುಗಳಲ್ಲಿ ಹದಿನಾರು ನನ್ನ ಪಾಲಿನವು. ಹದಿನೇಳನೆಯದು ಆಕೆಯದಾದರೂ ನಾನು ಬರೆಯುತ್ತೇನೆಂದು ಒಪ್ಪಿಕೊಂಡದ್ದು. ಹಿರಿಯನೆಂದು ನನಗೆ ಕೊಟ್ಟಿದ್ದ ಒಂದೊಂದು ಮಾಡ್ಯೂಲೂ ಒಳಗೆ ಬರಿದು. ನಲವತ್ತೆರಡು ವರ್ಷದಲ್ಲಿ ನನ್ನ ಗುಣವನ್ನು ಇಷ್ಟು ಸ್ವಚ್ಛವಾಗಿ ಯಾರೂ ನನಗೆ ಓದಿ ಹೇಳಿರಲಿಲ್ಲ. ನನ್ನ ಬೇಸ್ ಕ್ಲಾಸಿನಿಂದ ಆ ಮಾಡ್ಯೂಲುಗಳು ಪಡೆದುಕೊಂಡ ಗುಣ ಯಾವುದು ಎಂದು ಯಾರಾದರೂ ಕೇಳಿದರೆ ಆ ಪರದೆಯನ್ನು ತೋರಿಸಬಹುದಿತ್ತು.

ಸಾಫ್ಟ್‌ವೇರು ಸರಿಪಡಿಸುವ ತನಕ ಸುಜಾತಾ ಕಾಯಲಿಲ್ಲ. ದವಾಖಾನೆಗೆ ಹೋಗಿ ಅವರ ಹಳೆಯ ರಜಿಸ್ಟರು ತೆಗೆಸಿ, ಗಣಿ ಬದಲಿಸಿದವರ ಹೆಸರುಗಳನ್ನು ಕೈಯಿಂದ ಬರೆದುಕೊಂಡಳು. ಹನ್ನೊಂದು ಮಂದಿ ಆದರು. ಅಂದೇ ಹನ್ನೊಂದು ಚೀಟಿ ಹೋದವು. ನಯೀಮ್ ಸಾಹೇಬರಿಗೆ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ, ಆಕೆಯೇ ಹೇಳಿದಳು. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಟ್ರಸ್ಟಿಗೆ ತಾವೇ ಫೋನು ಮಾಡಿ, "ಗಲತಿ ನಮ್ದು ಅದರಿ, ನಿಮ್ದಲ್ಲ" ಅಂದರು. ಭೀಮಶಾ ಅವರನ್ನು ತಮ್ಮ ಜೀಪಿನಲ್ಲಿ ಗುಲಬರ್ಗಾದ ದೊಡ್ಡ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ನಾನೂ ಹಿಂದೆ ಕುಳಿತು ಹೋದೆ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಧೂಳು ಎದೆಯಲ್ಲಿ ಕೂತಿದೆ, ಇನ್ನು ಮೇಲೆ ಕಲ್ಲಿನ ಕೆಲಸ ಬಿಡಲೇಬೇಕು, ಇದ್ದಷ್ಟನ್ನು ಕಾಪಾಡಿಕೊಳ್ಳಬೇಕು ಅಂದರು. ನಾನು ತಡೆಯಲಾರದೆ, ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅದೇನೂ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ ಬಿಡಿ ಎಂದು ಹೇಳುತ್ತಾರೆ ಎಂಬ ಆಸೆ ಇತ್ತು. ಡಾಕ್ಟರು ಕನ್ನಡಕ ತೆಗೆದು, "ನಾಲ್ಕು ತಿಂಗಳ ಧೂಳು ಕಮ್ಮಿ ಕುಡೀತಿದ್ರು" ಅಂದರು.

ಮುಂದಿನ ಭಾನುವಾರ ನಾನು ಭಂಕೂರಿಗೆ ಹೋದೆ. ಯಾರೂ ಕರೆದಿರಲಿಲ್ಲ. ಭೀಮಶಾ ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಿದ್ದರು. ಬಾಗಿಲ ಮೇಲೆ ಬುದ್ಧನ ಚಿತ್ರ, ಗೋಡೆಗೆ ಒರಗಿಸಿಟ್ಟ ಕಲ್ಲೊಡೆಯುವ ಸುತ್ತಿಗೆ. ನಮಸ್ಕಾರ ಅಂದೆ. ನಮಸ್ಕಾರ ಅಂದರು. ಕುಂದ್ರಿ ಅನ್ನಲಿಲ್ಲ. ನಮ್ಮ ಕಡೆ ಸಾಲ ವಸೂಲಿಗೆ ಬಂದವನಿಗೂ ಮೊದಲು ಕುಂದ್ರಿ ಅನ್ನುತ್ತಾರೆ. ನನ್ನ ಕುಲ ನೋಡಿ ಹಳೆಯ ಕಾಲದ ಸಂಕೋಚದಿಂದ ಅನ್ನಲಿಲ್ಲವೇನೋ ಎಂದು ಒಂದು ಕ್ಷಣ ಅಂದುಕೊಂಡೆ. ಅದು ನನಗೆ ಅನುಕೂಲದ ವಿಚಾರ. ಅವರ ಕಣ್ಣಲ್ಲಿ ಸಂಕೋಚ ಏನೂ ಇರಲಿಲ್ಲ, ಸಿಟ್ಟು ಇತ್ತು. ಅದು ಬರಬೇಕಾದ ಸಿಟ್ಟೇ. ನಿಂತುಕೊಂಡೇ ನಡೆದದ್ದನ್ನೆಲ್ಲ ಹೇಳಿದೆ. ಬೇಸ್ ಕ್ಲಾಸ್ ಎಂಬ ಮಾತು ಬಿಟ್ಟು, ನೋಡದೆ ಸರಿಯಿದೆ ಎಂದು ರುಜು ಹಾಕಿದೆ ಎಂದು ಹೇಳಿದೆ.

ಅವರು ಕೆಮ್ಮಿ ಮುಗಿಸಿ ಹೇಳಿದರು: "ಎದಿಯಾಗ ಗುರುಗುರು ಅಂತಿತ್ರಿ. ಆದ್ರ ಚೀಟಿ ಬರವಲ್ದು. ಚೀಟಿ ಬಂದಿಲ್ಲಂದ್ರ ಛಲೋ ಅದ ಅಂತ ತಿಳ್ಕೊಂಡೆ. ನಮ್ಮ ಸುಜಾತಾನ ಆಫೀಸಿನ ಮಷೀನ್ ಅಲ್ಲೇನ್ರಿ, ಸುಳ್ಳ್ ಹ್ಯಾಂಗ್ ಹೇಳ್ತದ?"

ಸುಜಾತಾ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ಅವಳ ಹೆಸರಿನ ಮೇಲೆ ಅವರು ಇಟ್ಟ ನಂಬಿಕೆಯನ್ನು ನಾನು ಖರ್ಚು ಮಾಡಿದ್ದೆ ಎಂಬುದು ಅಲ್ಲಿ ನಿಂತಾಗ ತಿಳಿಯಿತು. ಕೆಟ್ಟ ದುಃಖವಾಯಿತು.

"ಇರ್ಲಿ. ಈಗ ಒಂದ್ ಮಾತು ಹೇಳ್ರಿ" ಅಂದರು ಭೀಮಶಾ. "ನಾನಂತೂ ಗಣಿ ಬಿಟ್ಟೆ. ನನ್ನ ಸಂಗಾಟದವರು ಇನ್ನಾ ಅಲ್ಲೇ ಕೆಲಸ ಮಾಡಾಕತ್ತಾರ. ಇನ್ಮ್ಯಾಲ ಅವರಿಗೆಲ್ಲಾ ಚೀಟಿ ಬರೋಬ್ಬರಿ ಬರ್ತಾವೇನ್ರಿ?"

"ಬರ್ತಾವ್ರಿ" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟು ಅಂದಿದ್ದರೆ ಎಲ್ಲರಿಗೂ ಸಮಾಧಾನವಾಗಿ ಚಹಾ ಬರುತ್ತಿತ್ತು. ಹದಿನೇಳರಲ್ಲಿ ಒಂದೇ ಒಂದು ಮಾಡ್ಯೂಲು ಸರಿಯಾಗಿತ್ತು, ಅದನ್ನೂ ಸುಜಾತಾಳೇ ಬರೆದಿದ್ದಳು. ನನ್ನ ಹದಿನಾರು ಹಾಗೆಯೇ ಬಿದ್ದಿದ್ದವು. ಬೆವರು ಒರೆಸಿಕೊಂಡು, "ಗೊತ್ತಿಲ್ರಿ. ಇನ್ನಾ ಪೂರಾ ನೋಡಿಲ್ಲ" ಅಂದೆ. ನನ್ನ ಬಾಯಿಂದ ಬಂದ ಆ ಮಾತು ನನಗೇ ಅಪರಿಚಿತವಾಗಿ ಕೇಳಿಸಿತು.

ಭೀಮಶಾ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಹೊರಸಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿ, "ಕುಂದ್ರಿ" ಅಂದರು.

ಕುಳಿತೆ. ಚಹಾ ಬಂತು, ಕುಡಿದೆ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಹೊರಟಾಗ ಸುಜಾತಾ ಟಂಟಂ ಆಟೋ ನಿಲ್ಲುವ ರಸ್ತೆಯವರೆಗೆ ಬಂದಳು. ನಡೆಯುತ್ತಾ ನಡೆಯುತ್ತಾ ನನಗೆ ನನ್ನ ಬಗ್ಗೆ ಒಂದು ನಮೂನೆ ಗೌರವ ಮೂಡತೊಡಗಿತು. ಎಷ್ಟು ಮಂದಿ ಹೀಗೆ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳುತ್ತಾರೆ, ಖರೇ ಹೇಳುವುದು ಎಷ್ಟು ದೊಡ್ಡ ಗುಣ, ಎಂದೆಲ್ಲ ವಿಚಾರ ಬಂದವು. ಟಂಟಂ ಬಂತು. ಹತ್ತುವಾಗ ಸುಜಾತಾ, "ಸರ್, ಉಳಿದ ಹದಿನಾರು ಈ ವಾರದಾಗ ಬರೀತೀರೇನ್ರಿ?" ಅಂದಳು.

"ಬರೀತೀನವ್ವಾ" ಅಂದೆ. ತಾನಾಗಿಯೇ ಬಂದುಬಿಟ್ಟಿತು.

ಆಕೆ ತಲೆ ಅಲ್ಲಾಡಿಸಿ, "ಆಯ್ತ್ರಿ. ನಾ ದಿನಾ ಮುಂಜಾನೆ ಓಡಿಸಿ ನೋಡ್ತೀನಿ" ಅಂದಳು.

ಮರುದಿನ ಮೊದಲ ಗಾಡಿ ಹಿಡಿದು, ವಾಡಿಯಲ್ಲಿ ಯಾರಿಗೂ ಸೀಟು ಹಿಡಿಯದೆ, ಕಚೇರಿ ತೆರೆಯುವ ಹೊತ್ತಿಗಿಂತ ಒಂದು ತಾಸು ಮುಂಚೆ ಹೋದೆ. ಆಕೆ ಆಗಲೇ ಬಂದು ಪರೀಕ್ಷೆ ಓಡಿಸಿ, ನನ್ನ ಕುರ್ಚಿಯ ಧೂಳು ಒರೆಸಿ, ಹದಿನಾರು ಕೆಂಪು ಗೆರೆಯ ಎದುರಿಗೆ ಅದನ್ನು ಇಟ್ಟಿದ್ದಳು.